ಹೊಳೆದಾಸವಾಳಕ್ಕೆ ಮಾಗಿಯಲ್ಲೊಂದು ಕೊಡ ನೀರು

ಮಲೆನಾಡೆಂದೊಡನೆ ಮಳೆಯ ಮಾತನ್ನೇ ಆಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಕವಿಗಳು ಮಳೆಯನ್ನು ಹಾಡಿದರು. ಬಯಲುಸೀಮೆಯಿಂದ ಬಂದ ನೆಂಟರು ಕಂಬಳಿ ಹೊದ್ದು ಜಗಲಿಯ ಮೇಲೆ ಕುಳಿತು ಅದನ್ನು ಬಯ್ದರು. ನಾವು ಮಲೆನಾಡಿನವರಾದರೋ ಈ ಸಲ ನಮ್ಮೂರಿನಲ್ಲಿ ಇಷ್ಟು ಅಂಗುಲ ಬಿದ್ದಿತೆಂದು, ಅದನ್ನು ನಾವೇ ಸುರಿಸಿದವರಂತೆ, ಹೆಮ್ಮೆಪಟ್ಟುಕೊಂಡೆವು. ಈ ಗದ್ದಲದಲ್ಲಿ ವರ್ಷದ ಇನ್ನೊಂದು ಭಾಗ ಎಲ್ಲರಿಗೂ ಮರೆತುಹೋಗಿದೆ. ಸ್ವಾತಿ, ವಿಶಾಖೆಗಳು ಹಿಂದಾದ ಮೇಲೆ ರೇವತಿ ಮಳೆಯವರೆಗೆ, ಅಂದರೆ ನವೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ, ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳಲ್ಲಿ ಆಕಾಶದಿಂದ ಹೆಚ್ಚುಕಡಮೆ ಏನೂ ಬೀಳುವುದಿಲ್ಲ. ಬೆಳಗಿನ ಹೊತ್ತು ಕಣಿವೆಯನ್ನು ತುಂಬಿಕೊಂಡಿರುವ ಮಂಜು ನೋಡುವವರಿಗೆ ತೇವದ ಭ್ರಾಂತಿಯನ್ನು ಹುಟ್ಟಿಸುತ್ತದೆ. ಅದು ಎಲೆಯನ್ನು ತೋಯಿಸೀತು, ಬೇರಿಗೆ ಇಳಿಯಲಾರದು. ಮಂಜು ಕರಗಿದ ಮೇಲೆ ಬೀಸುವ ಒಣಗಾಳಿ ಇರುಳು ಕೊಟ್ಟದ್ದನ್ನು ಮಧ್ಯಾಹ್ನದೊಳಗೆ ಬಡ್ಡಿಸಹಿತ ವಸೂಲು ಮಾಡಿಕೊಂಡು ಹೋಗುತ್ತದೆ.

ಮನೆಯಂಗಳದಲ್ಲೋ ಶಾಲೆಯ ಬಯಲಿನಲ್ಲೋ ಒಂದು ಸಣ್ಣ ಹೂಮರವನ್ನು ಎಬ್ಬಿಸಬೇಕೆನ್ನುವವರು ಮೊದಲು ಅರಿಯಬೇಕಾದದ್ದು ಈ ಒಣ ಚಳಿಗಾಲವನ್ನು. ನೆಟ್ಟ ಸಸಿಗಳಲ್ಲಿ ಆಷಾಢದ ಮಳೆಗೆ ಕೊಳೆತು ಹೋಗುವಂಥವು ಕೆಲವು. ಮಾಗಿಯಲ್ಲಿ ಬಾಯಾರಿ ಹೋಗುವಂಥವು ಅವಕ್ಕಿಂತ ಎಷ್ಟೋ ಹೆಚ್ಚು. ಆದರೆ ಮಳೆಯಲ್ಲಿ ಸತ್ತದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾಗಿಯಲ್ಲಿ ಸತ್ತದ್ದನ್ನು ಕೇಳುವವರಿಲ್ಲ. ನಮ್ಮ ಗಿಡ ನೆಡುವ ಉತ್ಸಾಹವೆಲ್ಲ ಜುಲೈ ತಿಂಗಳಿಗೆ ಕಟ್ಟುಬಿದ್ದಿರುವುದು ಇದಕ್ಕೆ ಕಾರಣವೆಂಬುದು ನನ್ನ ಎಣಿಕೆ.

ಚಳಿ ಗಿಡಕ್ಕೆ ಮಾಡುವ ಕೇಡೇನು ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಶಾಖ ಹತ್ತು-ಹದಿನೈದು ಡಿಗ್ರಿಯ ನಡುವೆ ಆಡುತ್ತಿರುತ್ತದೆ. ನೀರು ಹೆಪ್ಪುಗಟ್ಟುವ ಮಾತಿಲ್ಲ. ಆದರೂ ನೆಲ ತಣ್ಣಗಾದಾಗ ಬೇರು ನೀರೆಳೆಯುವ ವೇಗ ಇಳಿಯುತ್ತದೆ. ಹಗಲಿನ ಒಣಬಿಸಿಲು ಎಲೆಯಿಂದ ನೀರನ್ನು ಹೀರುವುದು ಮಾತ್ರ ನಿಲ್ಲುವುದಿಲ್ಲ. ಇದೇ ಸಂಗತಿ ಹಿಮದ ದೇಶಗಳಲ್ಲಿ ಘೋರರೂಪವನ್ನು ತಾಳುತ್ತದೆ. ಅಲ್ಲಿ ನೆಲದೊಳಗಿನ ನೀರೇ ಕಲ್ಲಾಗಿರುತ್ತದೆ. ಸುತ್ತಲೂ ನೀರಿದ್ದು ಕುಡಿಯಲು ತೊಟ್ಟಿಲ್ಲ. ಮೇಲಿಂದ ಗಾಳಿ ಸುಲಿಯುತ್ತದೆ. ಒಣ ಚಳಿಯ ಸೀಮೆಯಲ್ಲಿ ಮಡಿಯುವ ಗಿಡ ಎಷ್ಟೋ ವೇಳೆ ಚಳಿಯಿಂದಲ್ಲ, ಬಾಯಾರಿಕೆಯಿಂದಲೇ ಮಡಿಯುತ್ತದೆ.

ಲೇಹ್ ಪಟ್ಟಣದಲ್ಲಿ ವರ್ಷವಿಡೀ ಬೀಳುವ ಮಳೆ-ಹಿಮಗಳನ್ನೆಲ್ಲ ಕೂಡಿಸಿದರೆ ಸುಮಾರು 100 ಮಿಲಿಮೀಟರು. ಶೃಂಗೇರಿಯಲ್ಲಿ ಜುಲೈ ತಿಂಗಳ ಒಂದು ಜೋರಾದ ದಿನ ಅಷ್ಟನ್ನು ಸುರಿದು, ಮಾರನೆಯ ದಿನ ಮತ್ತೆ ಸುರಿಯಲು ಸಿದ್ಧವಾಗಿ ನಿಲ್ಲುತ್ತದೆ. ಆದರೂ ಲಡಾಖಿನ ಜನ ಮನೆಯ ಹಿತ್ತಿಲಲ್ಲಿ ಏಪ್ರಿಕಾಟ್ ಮರವನ್ನು ಬೆಳೆಸಿಕೊಂಡಿದ್ದಾರೆ. ಏಪ್ರಿಲ್ ಬಂತೆಂದರೆ ಆ ಬೂದುಬಣ್ಣದ ಬೆಟ್ಟಗಳ ತಪ್ಪಲಿನಲ್ಲಿ ಬಿಳಿ-ನಸುಗೆಂಪಿನ ಹೂವು ಮುಚ್ಚಿಕೊಂಡು ನಿಲ್ಲುತ್ತದೆ. ಅದನ್ನು ಬೆಳೆಸಿದ್ದು ಆಕಾಶದ ದಯೆಯಲ್ಲ. ನೀರ್ಗಲ್ಲು ಕರಗಿ ಬರುವ ತೊರೆಯಿಂದ ಕಾಲುವೆ ತೆಗೆದು, ಸರದಿಯ ಮೇಲೆ ಮನೆಮನೆಗೆ ಹಂಚಿ, ಒಂದೊಂದು ಮರದ ಬುಡಕ್ಕೂ ನೀರು ಮುಟ್ಟಿಸುವ ಏರ್ಪಾಡನ್ನು ಅವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ನೂರು ಮಿಲಿಮೀಟರಿನವರು ಮರ ಸಾಕುತ್ತಾರೆ. ಅದರ ಮೂವತ್ತು ಪಾಲಿಗೂ ಮೀರಿ ಮಳೆ ಕಾಣುವ ನಾವು ಶಾಲೆಯ ಮುಂದಿನ ಸಸಿಯೊಂದನ್ನು ಎರಡು ಮಾಗಿ ದಾಟಿಸಲಾರೆವು.

ಇನ್ನು ಯಾವ ಮರ ಎಂಬ ಪ್ರಶ್ನೆ. ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ, ಅದು ಹೊಳೆದಾಸವಾಳ. ತುಂಗೆ ಶೃಂಗೇರಿಯನ್ನು ಬಿಟ್ಟು ಹರಿಹರಪುರದ ಕಡೆಗೆ ಇಳಿಯುವ ದಾರಿಯಲ್ಲಿ, ಭದ್ರೆ ಬಾಳೆಹೊನ್ನೂರನ್ನು ದಾಟಿ ಹಿನ್ನೀರನ್ನು ಸೇರುವ ಸೀಮೆಯಲ್ಲಿ, ಇವೆರಡಕ್ಕೂ ಕೂಡಿಕೊಳ್ಳುವ ಹಳ್ಳಗಳ ದಂಡೆಯಲ್ಲಿ ಇದು ಯಾರೂ ನೆಡದೆ ತಾನೇ ಬೆಳೆಯುವ ಮರ. ನೀರಿನ ಬದಿಯಲ್ಲಿ ಆಳವಾದ ಮಣ್ಣು ಸಿಕ್ಕಿದರೆ ಐವತ್ತು ಅಡಿಯನ್ನು ಮುಟ್ಟುವುದುಂಟು. ಅಂಗಳದ ಗಟ್ಟಿನೆಲದಲ್ಲಿ ಇಪ್ಪತ್ತು-ಇಪ್ಪತ್ತೈದು ಅಡಿಗೆ ನಿಂತು ಗುಂಡಗೆ ಹರಡಿಕೊಳ್ಳುತ್ತದೆ. ಮಾಗಿಯ ಕೊನೆಗೆ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿ ಉದುರುತ್ತವೆ. ಬೇಸಗೆಯ ಮಳೆ ಒಂದೆರಡು ಬಿದ್ದ ಮೇಲೆ ಹೊಸ ಚಿಗುರಿನ ತುದಿಯಲ್ಲಿ ನೆಟ್ಟನೆಯ ಗೊಂಚಲುಗಳೆದ್ದು, ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ ಮರದ ನೆತ್ತಿಯೆಲ್ಲ ನೇರಿಳೆಗೆಂಪಾಗುತ್ತದೆ. ಆರು ದಳ, ಒಂದೊಂದೂ ಸಣ್ಣ ತೊಟ್ಟಿನ ಮೇಲೆ ನಿಂತ, ಮುದುರಿ ಬಿಡಿಸಿದ ರೇಷ್ಮೆಯ ತುಣುಕು. ನಡುವೆ ಹಳದಿಯ ಕೇಸರಗಳ ಕುಚ್ಚು. ಅರಳಿದ ದಿನದ ಗಾಢವರ್ಣ ದಿನದಿನಕ್ಕೆ ತಿಳಿಯಾಗುತ್ತ ಹೋಗುವುದರಿಂದ ಒಂದೇ ಗೊಂಚಲಿನಲ್ಲಿ ಕೆಳಗಿನ ಹೂವು ಮಾಸಿ ಮೇಲಿನದು ಹೊಸದಾಗಿ ತೋರುತ್ತದೆ.

ಹೆಸರಿನಲ್ಲಿ ದಾಸವಾಳವಿದ್ದರೂ ದಾಸವಾಳಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಸಸ್ಯಶಾಸ್ತ್ರಜ್ಞರು ಇದನ್ನು ಮದರಂಗಿ ಮತ್ತು ದಾಳಿಂಬೆಗಳ ಕುಲಕ್ಕೆ ಸೇರಿಸಿದ್ದಾರೆ. ದಾಳಿಂಬೆಯ ಹೂವಿನ ದಳವನ್ನು ಒಮ್ಮೆ ಬೆರಳಿನಿಂದ ಬಿಡಿಸಿ ನೋಡಿದವರಿಗೆ ಈ ಸಂಬಂಧ ಒಡನೆಯೇ ತಿಳಿಯುತ್ತದೆ. ಅಲ್ಲಿಯೂ ಅದೇ ಮುದುರು. ನಮ್ಮ ಕಾಡಿನಲ್ಲಿಯೇ ಇದರ ಒಡಹುಟ್ಟಿದವರಿದ್ದಾರೆ. ಮಲೆನಾಡಿನ ಮನೆಗಳಿಗೆ ತೊಲೆ-ಹಲಗೆಯಾದ ನಂದಿ ಮರ ಒಂದು. ಬಿಳುಪಾದ ತೊಗಟೆ ಚಕ್ಕೆಚಕ್ಕೆಯಾಗಿ ಕಳಚಿಕೊಂಡು ಕಾಡಿನ ನಡುವೆ ಬೆತ್ತಲೆ ನಿಂತ ಕಂಬದಂತೆ ಕಾಣುವ ಈ ಮರ ಪಶ್ಚಿಮಘಟ್ಟವನ್ನು ಬಿಟ್ಟು ಬೇರೆಲ್ಲಿಯೂ ತಾನಾಗಿ ಬೆಳೆಯದು. ಒಣಗಾಡಿನ ಚನ್ನಂಗಿ ಇನ್ನೊಂದು. ಹೀಗೆ ಒಂದೇ ಮನೆತನದ ಮೂವರಲ್ಲಿ ಒಬ್ಬ ಘಟ್ಟದ ಕಾಡನ್ನು, ಒಬ್ಬ ಒಣಗಾಡನ್ನು, ಒಬ್ಬ ಹೊಳೆಯ ದಂಡೆಯನ್ನು ಹಂಚಿಕೊಂಡಂತಿದೆ. ಈ ಮನೆತನಕ್ಕೆ ಶಾಸ್ತ್ರದ ಹೆಸರನ್ನಿಟ್ಟವನು ಲಿನೇಯಸ್, 1759ರಲ್ಲಿ. ಪೂರ್ವದೇಶದಿಂದ ಸಸ್ಯಗಳನ್ನು ತರಿಸಿಕೊಟ್ಟ ಲಾಗರ್‌ಸ್ಟ್ರೋಮ್ ಎಂಬ ಸ್ವೀಡನ್ನಿನ ವರ್ತಕಮಿತ್ರನ ನೆನಪಿಗಾಗಿ. ತುಂಗೆಯ ದಂಡೆಯ ಮರವೊಂದು ಅದನ್ನು ಕಣ್ಣಿನಿಂದ ಕಾಣದ ವರ್ತಕನೊಬ್ಬನ ಹೆಸರನ್ನು ಹೊತ್ತು ಪ್ರಪಂಚದ ಪುಸ್ತಕಗಳಲ್ಲೆಲ್ಲ ತಿರುಗುತ್ತಿದೆ. ಹೊಳೆದಾಸವಾಳವೆಂಬ ನಮ್ಮ ಹೆಸರಿನಲ್ಲಾದರೋ ಅದು ಬೆಳೆಯುವ ನೆಲೆಯೂ ಇದೆ, ಹೂವಿನ ರೂಪವೂ ಇದೆ.

ಇಂಥ ಮರಕ್ಕೆ ನಮ್ಮಲ್ಲಿ ಮರ್ಯಾದೆ ಏಕಿಲ್ಲ? ಕಾರಣ ಸುಲಭವಾಗಿ ಊಹಿಸಬಹುದು. ಇದರ ಹೂವಿಗೆ ಪರಿಮಳವಿಲ್ಲ. ಕಿತ್ತ ಸ್ವಲ್ಪ ಹೊತ್ತಿಗೆಲ್ಲ ಬಾಡುವುದರಿಂದ ದಂಡೆ ಕಟ್ಟುವಂತಿಲ್ಲ. ಸಂಪಿಗೆ, ಸುರಗಿ, ರಂಜ, ಪಾರಿಜಾತಗಳಿಗೆ ದೇವರ ತಲೆಯೂ ಹೆಂಗಸರ ಮುಡಿಯೂ ಕಾದಿವೆ. ಸುರಗಿಯಾದರೋ ಒಣಗಿದ ಮೇಲೂ ಕಂಪನ್ನು ಬಿಡದೆ ಪೆಟ್ಟಿಗೆಯಲ್ಲಿ ಸ್ಥಾನ ಗಳಿಸಿಕೊಂಡಿದೆ. ಎರಡಕ್ಕೂ ಸಲ್ಲದ ಹೂವನ್ನು ಮರದ ಮೇಲೆಯೇ ಬಿಟ್ಟು ನೋಡುವುದಕ್ಕಾಗಿ ಬೆಳೆಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಲವಾಗಿ ಬೇರೂರಲಿಲ್ಲ. ನೆರೆಯ ಮಹಾರಾಷ್ಟ್ರದವರು ಇದೇ ಹೂವನ್ನು ತಾಮ್ಹಣವೆಂದು ಕರೆದು ತಮ್ಮ ರಾಜ್ಯದ ಹೂವನ್ನಾಗಿ ಮಾಡಿಕೊಂಡಿದ್ದಾರೆ. ನಾವು ಕಮಲವನ್ನು ಆರಿಸಿಕೊಂಡೆವು. ಅದರ ಮೇಲೆ ನನಗೆ ತಕರಾರಿಲ್ಲ.

ತಕರಾರಿರುವುದು ಬೇರೆ ಕಡೆ. ನೋಡುವುದಕ್ಕಾಗಿ ಮರ ನೆಡುವ ಪಾಠವನ್ನು ನಾವು ಕಲಿತದ್ದು ಬೆಂಗಳೂರಿನಿಂದ. 1908ರಲ್ಲಿ ಬರೋಡೆಯಿಂದ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್, ಲಾಲ್‌ಬಾಗಿನ ಅಧಿಕಾರಿಯಾಗಿ, ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ತೊಡಗುವಂತೆ ಸಾಲುಮರಗಳನ್ನು ಆರಿಸಿ ಆ ನಗರಕ್ಕೆ ವರ್ಷವಿಡೀ ಬಣ್ಣವನ್ನು ಕಟ್ಟಿಕೊಟ್ಟರು. ದಕ್ಷಿಣ ಅಮೆರಿಕದ ಜಕರಂಡ, ಮಡಗಾಸ್ಕರಿನ ಗುಲ್‌ಮೊಹರ್ ಮುಂತಾದವೆಲ್ಲ ಆ ಹದವಾದ ಹವೆಗೆ ಒಗ್ಗಿದವು. ನಮ್ಮ ಹೊಳೆದಾಸವಾಳಕ್ಕೂ ಬೆಂಗಳೂರಿನ ಬೀದಿಗಳಲ್ಲಿ ಸ್ಥಾನ ಸಿಕ್ಕಿತೆಂಬುದನ್ನು ಕೊಪ್ಪದವರು ಅಲ್ಲಿಗೆ ಹೋದಾಗ ಗಮನಿಸಬಹುದು. ಆದರೆ ಬೆಂಗಳೂರಿನಿಂದ ಮಲೆನಾಡಿಗೆ ಹಿಂದಿರುಗಿದ್ದು ಅದಲ್ಲ, ಗುಲ್‌ಮೊಹರ್. ಆ ಮರದ ಬೇರು ಮೇಲುಮೇಲೆ ಹರಡತಕ್ಕದ್ದು, ಕೊಂಬೆ ಪೊಳ್ಳು. ಮುಂಗಾರಿನ ಗಾಳಿಗೆ ಕೊಂಬೆ ಮುರಿದು ಶಾಲೆಯ ಹೆಂಚಿನ ಮೇಲೆ ಬೀಳುವುದನ್ನು ಪ್ರತಿವರ್ಷವೂ ಕಂಡು, ಮತ್ತೆ ಅದನ್ನೇ ನೆಡುವ ನಮ್ಮ ಛಲ ಮೆಚ್ಚತಕ್ಕದ್ದೇ! ಹೊರಗಿನ ಮರವೆಂಬ ಕಾರಣಕ್ಕೆ ನಾನು ಅದನ್ನು ದೂರುತ್ತಿಲ್ಲ. ಕಾಫಿ ಹೊರಗಿನದು, ಅದಕ್ಕೆ ನೆರಳಾಗಿ ಮೆಣಸಿನ ಬಳ್ಳಿಯನ್ನು ಹೊತ್ತ ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ಹೊರಗಿನದಾಗಲಿ ಒಳಗಿನದಾಗಲಿ, ನಮ್ಮ ಆಷಾಢವನ್ನೂ ನಮ್ಮ ಮಾಗಿಯನ್ನೂ ಎರಡನ್ನೂ ತಾಳಬಲ್ಲದೇ ಎಂಬುದೊಂದೇ ಪರೀಕ್ಷೆ. ಬುಡವನ್ನು ಪ್ರವಾಹದಲ್ಲಿ ಇಟ್ಟುಕೊಂಡು ನಿಂತು ಅಭ್ಯಾಸವಾದ ಹೊಳೆದಾಸವಾಳ ಆಷಾಢಕ್ಕೆ ಅಂಜುವುದಿಲ್ಲ. ಮಾಗಿಯನ್ನು ಎಲೆಯುದುರಿಸಿ ಕಳೆಯುವ ಉಪಾಯ ಅದಕ್ಕೆ ಹುಟ್ಟಿನಿಂದ ಬಂದಿದೆ; ಆದಾಯ ನಿಂತ ತಿಂಗಳಿನಲ್ಲಿ ಖರ್ಚನ್ನೂ ನಿಲ್ಲಿಸುವ ಗೃಹಸ್ಥನ ಕ್ರಮ ಅದು. ಬೇರು ಆಳಕ್ಕಿಳಿಯುವ ಮೊದಲ ಎರಡು ವರ್ಷ ಮಾತ್ರ ಅದಕ್ಕೆ ನಮ್ಮ ಕೈ ಬೇಕು. ಹೊಳೆಯ ದಂಡೆಯಲ್ಲಿ ಆ ಕೈಯ ಕೆಲಸವನ್ನು ಹೊಳೆಯೇ ಮಾಡುತ್ತಿತ್ತು.

ಆ ದಂಡೆಗಳೂ ಈಗ ಹಿಂದಿನಂತಿಲ್ಲ. 1960ರ ದಶಕದಲ್ಲಿ ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ಭದ್ರೆ ತುಂಬಿ ನಿಂತಾಗ ನರಸಿಂಹರಾಜಪುರದ ಸೀಮೆಯಲ್ಲಿ ಊರುಗಳೊಡನೆ ಹೊಳೆದಂಡೆಯ ಕಾಡೂ ಮುಳುಗಿತು. ಹಿನ್ನೀರಿನ ಅಂಚು ಬೇಸಗೆಯಲ್ಲಿ ಒಣಗಿ ಮಳೆಗಾಲದಲ್ಲಿ ಮುಳುಗುವ ಬರಿಯ ಮಣ್ಣು. ಅಲ್ಲಿ ಸಸಿ ನೆಲೆನಿಲ್ಲುವುದು ಕಷ್ಟ. ಮೇಲಿನ ಹಳ್ಳಗಳ ಬದಿಯಲ್ಲಿ ತೋಟ ನೀರಿನವರೆಗೂ ಇಳಿದಿದೆ. ಹಳೆಯ ಕಾಲದವರು ಕೊಚ್ಚಣೆಗೆ ಅಂಜಿಯಾದರೂ ಹಳ್ಳದ ಬದಿಯ ಮರವನ್ನು ಉಳಿಸುತ್ತಿದ್ದರು. ಈಗ ಕಲ್ಲು-ಸಿಮೆಂಟಿನ ಗೋಡೆ ಕಟ್ಟಿದರಾಯಿತು. ದಂಡೆಯಲ್ಲಿ ಇಲ್ಲವಾಗುತ್ತಿರುವುದನ್ನು ಅಂಗಳದಲ್ಲಾದರೂ ಉಳಿಸಿಕೊಳ್ಳೋಣವೆಂಬುದು ನನ್ನ ವಾದದ ತಿರುಳು.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಶೃಂಗೇರಿ, ಕೊಪ್ಪದ ಅಡಕೆ ತೋಟಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಠಾಣ್ಯ ಹಾಕಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯೂ ಬಂದು ಸೇರಿಕೊಂಡಿತು. ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ಇದ್ದಾರೆ. ತೋಟದ ನಡುವಿನ ಒಂಟಿ ಮನೆಯಲ್ಲಿ ಇಬ್ಬರು ಮುದುಕರು, ಕೆಲಸಕ್ಕೆ ಆಳಿಲ್ಲ. ಇವರ ಮುಂದೆ ಹೋಗಿ ಹೂವಿನ ಮರವೊಂದನ್ನು ನೆಡಿ, ಅದಕ್ಕೆ ನೀರು ಹೊರಿ ಎನ್ನುವುದು ಹಸಿದವನ ಮುಂದೆ ಸಂಗೀತದ ಮಾತೆತ್ತಿದಂತಾಗುವುದಿಲ್ಲವೇ? ಆಗುತ್ತದೆ ಎಂದು ನಾನು ಒಪ್ಪುತ್ತೇನೆ. ಅಡಕೆಯ ಸಂಕಟಕ್ಕೆ ಹೊಳೆದಾಸವಾಳ ಪರಿಹಾರವಲ್ಲ. ಅದರಿಂದ ಒಂದು ಕಾಸೂ ಹುಟ್ಟುವುದಿಲ್ಲ. ಆದರೂ ಅದೇ ಮನೆಯ ಮುದುಕಿ ತುಳಸಿಗೆ ನೀರೆರೆಯದೆ ಬೆಳಗಿನ ಕಾಫಿ ಕುಡಿಯುವುದಿಲ್ಲವೆಂಬುದನ್ನೂ ನಾವು ಬಲ್ಲೆವು. ಕಾಸು ಹುಟ್ಟದ ಗಿಡಕ್ಕೆ ನೀರೆರೆಯುವುದು ಮಲೆನಾಡಿಗೆ ಹೊಸ ಸಂಗತಿಯಲ್ಲ. ಮತ್ತು ನಾನು ಈ ಹೊರೆಯನ್ನು ಮುದುಕರ ತಲೆಯ ಮೇಲೆ ಹೊರಿಸಬೇಕೆಂದೂ ಹೇಳುತ್ತಿಲ್ಲ. ಅದು ಸೇರಬೇಕಾದದ್ದು ಶಾಲೆಗೆ.

ಇಲ್ಲಿಯೇ ನಮ್ಮ ಏರ್ಪಾಡಿನ ಕೊರತೆ ಕಾಣುವುದು. ವನಮಹೋತ್ಸವವನ್ನು 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದರು, ಮುಂಗಾರಿನ ಜುಲೈ ತಿಂಗಳು ಅದಕ್ಕೆ ಗೊತ್ತಾಯಿತು. ನೆಡುವುದಕ್ಕೆ ಅದು ತಕ್ಕ ಕಾಲವೇ. ಆರಿದ್ರೆ, ಪುನರ್ವಸುಗಳ ಮಳೆಯಲ್ಲಿ ನೆಟ್ಟ ಸಸಿಗೆ ನಾಲ್ಕು ತಿಂಗಳು ಯಾರೂ ತಿರುಗಿ ನೋಡಬೇಕಾದದ್ದಿಲ್ಲ. ಭಾಷಣವಾಗುತ್ತದೆ, ಸಸಿಗಳ ಎಣಿಕೆಯಾಗುತ್ತದೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ನವೆಂಬರಿನಲ್ಲಿ ಮಳೆ ನಿಂತು ಸಸಿಗೆ ನಿಜವಾಗಿ ಮನುಷ್ಯರು ಬೇಕಾದಾಗ ಉತ್ಸವ ಮುಗಿದಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಮಕ್ಕಳಿಗೂ ಉಪಾಧ್ಯಾಯರಿಗೂ ಪರೀಕ್ಷೆಯ ಜ್ವರ. ಏಪ್ರಿಲ್ ಬಂದೊಡನೆ ಬಾಗಿಲಿಗೆ ಬೀಗ. ಸಸಿಯ ಕಷ್ಟ ತುತ್ತತುದಿಗೆ ಏರುವ ದಿನವೂ ಅದನ್ನು ನೆಟ್ಟ ಮಕ್ಕಳು ಅಜ್ಜನ ಮನೆಗೆ ಹೊರಡುವ ದಿನವೂ ಒಂದೇ. ಮುಂದಿನ ಜುಲೈಯಲ್ಲಿ ಅದೇ ಗುಂಡಿಯಲ್ಲಿ ಹೊಸ ಸಸಿ. ಎಷ್ಟೋ ಶಾಲೆಗಳ ಬಯಲಿನಲ್ಲಿ ಒಂದೇ ಗುಂಡಿ ಹಲವು ವರ್ಷಗಳ ಲೆಕ್ಕದಲ್ಲಿ ಹಲವು ಮರಗಳಾಗಿ ಕುಳಿತಿರುತ್ತದೆ. ಎಣಿಕೆಯನ್ನು ಜುಲೈಯಿಂದ ಯುಗಾದಿಗೆ ಬದಲಾಯಿಸಿದರೆ ಈ ಲೆಕ್ಕದ ಅರ್ಧ ರೋಗ ಗುಣವಾದೀತು. ಎಷ್ಟು ನೆಟ್ಟಿರಿ ಎಂದು ಕೇಳುವ ಅಧಿಕಾರಿ ಯುಗಾದಿಯ ಮಾರನೆಯ ದಿನ ಬಂದು ಎಷ್ಟು ಉಳಿದವು ಎಂದು ಕೇಳಲಿ.

ಉಳಿದದ್ದನ್ನು ಗುರುತಿಸುವುದಕ್ಕೂ ಕಣ್ಣು ಬೇಕು. ಹೊಳೆದಾಸವಾಳದ ಸಸಿ ಮಾಗಿಯ ಕೊನೆಯಲ್ಲಿ ಎಲೆಯೆಲ್ಲ ಕಳಚಿ ಬರಿಯ ಕಡ್ಡಿಯಂತೆ ನಿಲ್ಲುತ್ತದೆ. ಅದನ್ನು ಕಂಡು, ಸತ್ತಿತೆಂದು ತೀರ್ಮಾನಿಸಿ, ಬಯಲನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ ಕಿತ್ತು ಎಸೆಯುವುದು ಸಾಮಾನ್ಯ. ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆದು ನೋಡಿದರೆ ಒಳಗೆ ಹಸುರು ಕಾಣುತ್ತದೆ. ಹಸುರಿದ್ದರೆ ಜೀವವಿದೆ. ಐದನೆಯ ತರಗತಿಯ ಮಕ್ಕಳಿಗೆ ಈ ಪಾಠವನ್ನು ಕಲಿಸಲು ಪಠ್ಯಪುಸ್ತಕವೂ ಬೇಡ, ಪ್ರಯೋಗಶಾಲೆಯೂ ಬೇಡ.

ಮಲೆನಾಡಿನಿಂದ ಹೊರಟು ಅಮೆರಿಕದ ಒಳನಾಡಿನಲ್ಲಿ ಮನೆ ಮಾಡಿಕೊಂಡ ನಮ್ಮವರಿಗೂ ಇದೇ ಪಾಠ ಬೇರೆ ಹವೆಯಲ್ಲಿ ಸಲ್ಲುತ್ತದೆ. ಡೆನ್ವರಿನಂಥ ಊರು ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಮಳೆ-ಹಿಮ ಎಲ್ಲ ಸೇರಿ ವರ್ಷಕ್ಕೆ ಸರಾಸರಿ 400 ಮಿಲಿಮೀಟರನ್ನು ಮುಟ್ಟುವುದಿಲ್ಲ. ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಊರಿನ ಹೊಳೆದಾಸವಾಳವನ್ನು ಅಲ್ಲಿಯ ನೆಲದಲ್ಲಿ ನೆಟ್ಟರೆ ಅದು ಮೊದಲ ಹಿಮಕ್ಕೇ ಹೋಗುತ್ತದೆ. ಅದು ಉಷ್ಣದೇಶದ ಮರ. ಅದರ ದಾಯಾದಿಯೊಂದಿದೆ, ಕ್ರೇಪ್ ಮಿರ್ಟಲ್. ಶಾಸ್ತ್ರದ ಹೆಸರಿನಲ್ಲಿ ಇಂಡಿಯ ಇದ್ದರೂ ಚೀನದ ತೋಟಗಳಲ್ಲಿ ಬಹುಕಾಲ ಸಾಕಿಕೊಂಡು ಬಂದ ಸಣ್ಣ ಮರ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ದಕ್ಷಿಣ ಪ್ರಾಂತಗಳನ್ನು ಸೇರಿ ಅಲ್ಲಿಯ ಬೀದಿಗಳನ್ನೆಲ್ಲ ತನ್ನದಾಗಿ ಮಾಡಿಕೊಂಡಿತು. ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದ ಡೊನಾಲ್ಡ್ ಎಗಾಲ್ಫ್ ಎಂಬ ವಿದ್ವಾಂಸರು ಇದಕ್ಕೆ ಜಪಾನಿನ ಯಾಕುಶಿಮಾ ದ್ವೀಪದ ಜಾತಿಯನ್ನು ಕೂಡಿಸಿ ಬೂದಿರೋಗವನ್ನು ತಡೆಯುವ ತಳಿಗಳನ್ನು ತೆಗೆದರು. ಅದೇ ಮುದುರಿದ ದಳ, ಅದೇ ಗೊಂಚಲು. ಹೂವು ಮಾತ್ರ ಚಿಕ್ಕದು. ಚಳಿ ಸೊನ್ನೆಯ ಕೆಳಗೆ ಹದಿನೆಂಟು ಡಿಗ್ರಿಯವರೆಗೆ ಇಳಿದರೂ ತಡೆದೀತು. ಅದಕ್ಕೂ ಮೀರಿದರೆ ಮೇಲಿನ ಕೊಂಬೆಗಳು ಸತ್ತು, ಬೇರು ಉಳಿದಿದ್ದರೆ ಬುಡದಿಂದ ಹೊಸದಾಗಿ ಚಿಗುರುತ್ತದೆ. ಈ ವರ್ಷದ ಚಿಗುರಿನಲ್ಲಿಯೇ ಹೂಬಿಡುವ ಸ್ವಭಾವವಾದ್ದರಿಂದ, ಬೇಸಗೆ ಸಾಕಷ್ಟು ಬಿಸಿಯಾಗಿದ್ದರೆ, ಮರವಾಗದಿದ್ದರೂ ಪೊದೆಯಾಗಿ ಹೂವನ್ನು ತೋರಿಸುತ್ತದೆ. ಆದರೆ ವಸಂತದಲ್ಲಿ ಎಲ್ಲ ಗಿಡಗಳೂ ಚಿಗುರಿದ ಎಷ್ಟೋ ದಿನಗಳ ಮೇಲೆ ಇದು ಕಣ್ಣು ತೆರೆಯುವುದು. ಅಷ್ಟರೊಳಗೆ ಸತ್ತಿತೆಂದು ಕಿತ್ತುಹಾಕುವ ಆತುರದವರು ಅಲ್ಲಿಯೂ ಇದ್ದಾರೆ. ಗೋಡೆಯ ದಕ್ಷಿಣಕ್ಕೆ, ಗಾಳಿಯ ಮರೆಯಲ್ಲಿ ನೆಟ್ಟು ಬುಡಕ್ಕೆ ತರಗೆಲೆಯ ದಪ್ಪ ಹೊದಿಕೆಯನ್ನು ಕೊಡಬೇಕು. ಇಷ್ಟಾದರೂ ಡೆನ್ವರಿನಲ್ಲಿ ಇದು ಜೂಜೇ ಸರಿ. ಸುಖವಾಗಿ ನಿದ್ದೆ ಮಾಡಬೇಕೆನ್ನುವವರು ಆ ಸೀಮೆಗೆ ಒಗ್ಗಿದ ಹೂಸೇಬಿನ ಸಣ್ಣ ಮರವನ್ನು ನೆಡುವುದು ಮೇಲು. ಯಾವುದನ್ನು ನೆಟ್ಟರೂ, ಅಲ್ಲಿಯ ಬುದ್ಧಿವಂತ ತೋಟಗಾರರು ಚಳಿಗಾಲದ ನಡುವೆ ನೆಲ ಕರಗಿದ ಒಂದು ಬೆಚ್ಚನೆಯ ದಿನವನ್ನು ಕಾದು ಮರದ ಬುಡಕ್ಕೆ ನೀರು ಬಿಡುತ್ತಾರೆ. ಚಳಿಗಾಲದಲ್ಲಿ ನೀರು! ನಮಗೆ ಕೇಳಿಸದ ಮಾತು ಅವರಿಗೆ ಚಳಿಯೇ ಹೇಳಿಕೊಟ್ಟಿದೆ.

ಊರಿಗೆ ಮರಳೋಣ. ಮೂರು ತಾಲ್ಲೂಕುಗಳಿಗೂ ಒಂದೇ ವಿಧಿಯನ್ನು ಹೇಳುವುದು ಸಾಧ್ಯವಿಲ್ಲ. ಶೃಂಗೇರಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲೆ ಮಳೆ, ಪೂರ್ವಕ್ಕೆ ನರಸಿಂಹರಾಜಪುರ, ಹಿಂದಿನ ಎಡೇಹಳ್ಳಿ, ತಲಪುವುದರೊಳಗೆ ಅದು ಅರ್ಧಕ್ಕಿಂತಲೂ ಕೆಳಗೆ ಇಳಿದಿರುತ್ತದೆ, ಕೊಪ್ಪ ನಡುವಣದು. ಶೃಂಗೇರಿಯ ಕಡೆ ಅಂಗಳದ ಜಂಬಿಟ್ಟಿಗೆ ನೆಲದಲ್ಲಿ ಗುಂಡಿ ತೋಡಿ ನೆಟ್ಟರೆ ಅದು ಬಾವಿಯಾಗುತ್ತದೆ. ಹೊಳೆದಾಸವಾಳವಾದರೂ ಹರಿಯುವ ನೀರನ್ನು ತಾಳುವಂತೆ, ಎಳೆಯದರಲ್ಲಿ, ಕೊಳೆತು ನಿಂತ ನೀರನ್ನು ತಾಳದು. ಅಲ್ಲಿ ಮಣ್ಣು ಏರಿಸಿ ದಿಬ್ಬದ ಮೇಲೆ ನೆಟ್ಟು, ಮಳೆ ನಿಂತ ಮೇಲೆ ಅದೇ ದಿಬ್ಬದ ಸುತ್ತ ಪಾತಿಯನ್ನು ಕಟ್ಟಬೇಕು. ನರಸಿಂಹರಾಜಪುರದ ಕಡೆ ಮೊದಲಿನಿಂದಲೇ ತಗ್ಗಿನ ಪಾತಿ ಒಳ್ಳೆಯದು. ಕೊಪ್ಪದಲ್ಲಿ ನೆಲದ ಇಳಿಜಾರನ್ನು ನೋಡಿ ನಿರ್ಧರಿಸಬೇಕು.

ಮಾಗಿಯ ಉಪಚಾರವನ್ನು ಅಡಕೆಯವರಿಗೆ ನಾನು ಹೇಳಿಕೊಡಬೇಕಾದದ್ದಿಲ್ಲ. ಎಳೆಯ ಅಡಕೆ ಸಸಿಯ ಬುಡಕ್ಕೆ ದರಗು, ಸೊಪ್ಪು ಮುಚ್ಚುವುದು, ಇಳಿಹೊತ್ತಿನ ಬಿಸಿಲು ಕಾಂಡಕ್ಕೆ ಬಡಿಯದಂತೆ ಸೋಗೆಯ ಮರೆ ಕಟ್ಟುವುದು ಅವರ ಕೈಯಲ್ಲಿ ಸಹಜವಾಗಿ ನಡೆಯುವ ಕೆಲಸ. ಕಾಫಿಗಾಗಿ 1925ರಿಂದ ಬಾಳೆಹೊನ್ನೂರಿನ ಬಳಿ ಸಂಶೋಧನಾಲಯವೇ ಇದೆ. ಇಷ್ಟು ವಿದ್ಯೆಯಲ್ಲಿ ಒಂದು ಎಳ್ಳಿನಷ್ಟು ಪಾಲು ಹೂಮರಕ್ಕೂ ಸಂದರೆ ಸಾಕು. ಶಾಲೆಗಳಲ್ಲಿ ನೀರು ಹೊರುವ ಕೈಗಳಿಲ್ಲದ ಎರಡು ತಿಂಗಳಿಗೆ ಹಳೆಯದೊಂದು ಉಪಾಯವಿದೆ. ಮೆರುಗಿಲ್ಲದ ಮಣ್ಣಿನ ಮಡಕೆಯೊಂದನ್ನು ಸಸಿಯಿಂದ ಒಂದು ಅಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿಗೆ ಹಂಚು ಮುಚ್ಚುವುದು. ಮಡಕೆ ಬೆವರಿದಷ್ಟೇ ನೀರು ಬೇರಿಗೆ ಸಿಕ್ಕುತ್ತದೆ. ನಾಲ್ಕೈದು ದಿನಕ್ಕೊಮ್ಮೆ ತುಂಬಿದರೆ ನಡೆಯುತ್ತದೆ; ಅಷ್ಟನ್ನು ಶಾಲೆಯ ಪಕ್ಕದ ಮನೆಯ ಒಬ್ಬ ಹುಡುಗ ರಜೆಯಲ್ಲಿಯೂ ಮಾಡಿಯಾನು, ಅವನ ಹೆಸರನ್ನು ಕರಿಹಲಗೆಯ ಮೇಲೆ ಬರೆದುಹೋದರೆ.

ಬೀಜಕ್ಕೆ ಹಣವಿಲ್ಲ. ಹೊಳೆದಾಸವಾಳದ ಕಾಯಿಗಳು ಮಾಗಿಯಲ್ಲಿ ಬಲಿತು, ಒಣಗಿ ಒಡೆದು, ಬರಿಯ ಕೊಂಬೆಯ ಮೇಲೆ ಕಂದುಬಣ್ಣದ ಗೊಂಚಲಾಗಿ ಮುಂದಿನ ಹೂವಿನವರೆಗೂ ಕೂತಿರುತ್ತವೆ. ರೆಕ್ಕೆಯಿರುವ ಹಗುರವಾದ ಬೀಜ ಗಾಳಿಗೆ ಹಾರಿಹೋಗುವ ಮುನ್ನ ಕಾಯನ್ನು ಕೊಯ್ದು ಕಾಗದದ ಮೇಲೆ ಹರಡಬೇಕು. ಮಾರ್ಚಿನಲ್ಲಿ ಮರಳು ಬೆರೆಸಿದ ಮಣ್ಣಿನ ಮೇಲೆ ಚೆಲ್ಲಿ, ತೆಳುವಾಗಿ ಮುಚ್ಚಿ, ತೇವವಾರದಂತೆ ನೋಡಿಕೊಂಡರೆ ಮೊಳೆಯುತ್ತದೆ. ಎಲ್ಲವೂ ಮೊಳೆಯುವುದಿಲ್ಲ, ಆದ್ದರಿಂದ ಧಾರಾಳವಾಗಿ ಚೆಲ್ಲಬೇಕು. ಮೊದಲ ಮಳೆಗಾಲವನ್ನೂ ಮೊದಲ ಮಾಗಿಯನ್ನೂ ಸಸಿ ಕುಂಡದಲ್ಲಿ ಕಣ್ಣೆದುರಿಗೇ ಕಳೆಯಲಿ. ಎರಡನೆಯ ವರ್ಷದ ಆರಿದ್ರೆಗೆ ನೆಲಕ್ಕಿಳಿಸಬಹುದು. ಅಂದು ನೆಟ್ಟ ಐದನೆಯ ತರಗತಿಯ ಹುಡುಗಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಗೇಟು ದಾಟುವ ಏಪ್ರಿಲಿಗೆ ಮರ ತನ್ನ ಮೊದಲ ಗೊಂಚಲನ್ನು ಎತ್ತಿರಬಹುದು. ನಡುವೆ ಎಷ್ಟು ಮಾಗಿಗಳಲ್ಲಿ ಮಡಕೆ ತುಂಬಿತ್ತೆಂಬುದರ ಮೇಲೆ ಅದು ನಿಂತಿದೆ.